ಅಂಗಡಿಗೆ ನಿಮ್ಮ ಕಾಲೇ ಹೋಗಲಿ

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲೂಕುಗಳ ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳ ಅವ್ವಂದಿರಿಗೆ, ಅಕ್ಕತಂಗಿಯರಿಗೆ ಶರಣು.

ನಿಮ್ಮ ಸಂಘದ ಸಭೆ ನಡೆಯುವ ಮನೆಯ ಹೊಸ್ತಿಲಾಚೆ ಹತ್ತು ಹದಿನೈದು ಜೋಡಿ ಚಪ್ಪಲಿ ಬಿದ್ದಿರುತ್ತವೆ. ಉಳಿತಾಯದ ಪುಸ್ತಕ ತೆರೆಯುವ ಮೊದಲು ಒಮ್ಮೆ ಅವನ್ನು ತಿರುಗಿಸಿ ನೋಡಿ. ಉಂಗುಷ್ಟ ಕಿತ್ತು ಬಂದು ಅಡಿಯಿಂದ ಪಿನ್ನು ಚುಚ್ಚಿದ ಹವಾಯಿ ಒಂದು. ಹಿಮ್ಮಡಿಯ ಜಾಗದಲ್ಲಿ ಅಟ್ಟೆ ಸವೆದು ಕಾಗದದಷ್ಟು ತೆಳುವಾದದ್ದು ಇನ್ನೊಂದು. ಒಳಮಗ್ಗುಲು ಪೂರಾ ತಿಂದುಹೋಗಿ ಹೊರಮಗ್ಗುಲು ಹಾಗೇ ಉಳಿದದ್ದು ಮತ್ತೊಂದು. ಅದನ್ನು ಮೆಟ್ಟುವವರ ಪಾದ ಒಳಕ್ಕೆ ವಾಲುತ್ತಿದೆ, ಮೊಣಕಾಲಿನ ಒಳಬದಿಯೂ ನೋಯುತ್ತಿರಬಹುದು. ಮಗಳು ಬಿಟ್ಟ ಸ್ಯಾಂಡಲ್ಲು, ಗಂಡನ ಹಳೆಯ ಚಪ್ಪಲಿ ಅದೇ ಗುಂಪಿನಲ್ಲಿರುತ್ತವೆ. ಯಾಕೆ ಹೀಗೆ ಅಂದರೆ ಬರುವ ಉತ್ತರ ಎಲ್ಲ ಊರಲ್ಲೂ ಒಂದೇ: "ಇನ್ನಾ ಎರಡು ತಿಂಗಳು ನಡಿತಾವ ಬಿಡ್ರೀ ಯಕ್ಕಾ."

ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ ಸಂಘದಲ್ಲಿ ಸಾಲ ಎತ್ತುತ್ತೀರಿ. ಮನೆಮಂದಿಗೆಲ್ಲ ಹಬ್ಬಕ್ಕೆ ಬಟ್ಟೆ ಬರುತ್ತದೆ. ಮನೆಯ ಹೆಣ್ಣುಮಗಳ ಕಾಲಿಗೆ ಏನಾದರೂ ಬರುವುದು ಎಲ್ಲರದೂ ಮುಗಿದ ಮೇಲೆ, ಅದೂ ಬಹಳ ಸಲ ಬೇರೆಯವರ ಅಂದಾಜಿನಲ್ಲಿ. ಗಂಡ ಗಂಜಿಗೆ ಹೋದಾಗಲೋ ಮಗ ಸಂತೆಗೆ ಹೋದಾಗಲೋ "ಅವ್ವಗ ಆರ್ ನಂಬರ್" ಎಂದು ತಂದುಬಿಡುತ್ತಾರೆ. ಈ ಪದ್ಧತಿ ನಿಲ್ಲಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಚಪ್ಪಲಿಯನ್ನು ನಿಮ್ಮ ಕಾಲೇ ಹೋಗಿ ಆರಿಸಿ ತರಲಿ.

ಬಡತನದ ಜೊತೆಗೆ ಇದಕ್ಕೊಂದು ಹಳೆಯ ಕಾರಣವೂ ಇದೆ. ನಮ್ಮ ಸೀಮೆಯಲ್ಲಿ ಸೊಸೆಯಾದವಳು ಮಾವನೆದುರು ಚಪ್ಪಲಿ ಮೆಟ್ಟಿ ನಡೆಯುವುದು ಗರ್ವವೆನಿಸಿಕೊಂಡ ಕಾಲವಿತ್ತು. ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟ ಕೇರಿಯವರೇ ಮೇಲ್ಜಾತಿಯವರ ಓಣಿ ಬಂದಾಗ ತಮ್ಮ ಚಪ್ಪಲಿಯನ್ನು ಕೈಗೆತ್ತಿಕೊಂಡು ದಾಟಬೇಕಿತ್ತು. ಕಲ್ಯಾಣದ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕತೆಯನ್ನು ಭಕ್ತಿಯಿಂದ ಹೇಳಿಕೊಳ್ಳುವ ನಾಡು ಇದೇ. ಈ ನೆಲದಲ್ಲೇ ಹೆಣ್ಣಿನ ಕಾಲಿಗೆ, ದುಡಿಯುವ ಜಾತಿಯ ಕಾಲಿಗೆ ಚಪ್ಪಲಿ ಹೆಚ್ಚಿನ ಮಾತಾಗಿತ್ತು. ಆ ಕಟ್ಟಳೆ ಈಗ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಆದರೆ ತನಗೊಂದು ಒಳ್ಳೆಯ ಜೋಡಿ ಬೇಕು ಎನ್ನುವಾಗ ಬಾಯಿಗೆ ಬಂದು ನಿಲ್ಲುವ ಸಂಕೋಚ ಅದರದೇ ಉಳಿಕೆ ಎಂದು ನಾನು ನಂಬಿದ್ದೇನೆ. ಅದನ್ನು ಬಿಡಿ ಅಕ್ಕಂದಿರೆ. ಗೃಹಲಕ್ಷ್ಮಿಯ ಎರಡು ಸಾವಿರ ನಿಮ್ಮ ಖಾತೆಗೆ ಬರುತ್ತಿದೆ. ಅದರಲ್ಲಿ ವರ್ಷಕ್ಕೊಮ್ಮೆ ಸ್ವಲ್ಪ ನಿಮ್ಮ ಕಾಲಿಗೆ ಸಲ್ಲಲಿ.

ನಿಮ್ಮ ಕಾಲು ದಿನವಿಡೀ ಏನನ್ನು ತುಳಿಯುತ್ತದೆ ಎಂಬುದರಿಂದ ಆಯ್ಕೆ ಶುರುವಾಗಬೇಕು. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಇಳಿದವರಿಗೆ ಚಪ್ಪಲಿಯ ಮಾತೇ ಇಲ್ಲ, ಮೊಣಕಾಲುದ್ದ ಕೆಸರು. ಅಲ್ಲಿ ಮುಖ್ಯವಾದದ್ದು ಗದ್ದೆಯಿಂದ ಮೇಲೆ ಬಂದ ಮೇಲಿನ ಕೆಲಸ. ಒಳ್ಳೆಯ ನೀರಲ್ಲಿ ಕಾಲು ತೊಳೆದು, ಸೆರಗಿನ ತುದಿಯಿಂದಲಾದರೂ ಬೆರಳ ಸಂದಿ ಒರೆಸಿ ಒಣಗಿಸಿ, ಗಾಳಿಯಾಡುವ ತೆರೆದ ಚಪ್ಪಲಿ ಮೆಟ್ಟಬೇಕು. ಒದ್ದೆ ಕಾಲನ್ನು ಮುಚ್ಚಿದ ಪ್ಲಾಸ್ಟಿಕ್ ಶೂಗೆ ತುರುಕಿದರೆ ಕೆಸರುಹುಣ್ಣು ಬಿಡುವುದೇ ಇಲ್ಲ.

ದೇವದುರ್ಗದ ಎರೆ ಹೊಲ ಬೇರೆಯದೇ ಲೆಕ್ಕ. ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ, ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳು ಹೊರುವಾಗ ಕಾಲಿಗೆ ಎದುರಾಗುವುದು ಹತ್ತಿ ಕಟ್ಟಿಗೆಯ ಕೂಳೆ, ಬಿಸಿಲಿಗೆ ಬಾಯಿಬಿಟ್ಟ ನೆಲ, ಎಲ್ಲಕ್ಕಿಂತ ಹೆಚ್ಚಾಗಿ ಬಳ್ಳಾರಿ ಜಾಲಿಯ ಮುಳ್ಳು. ಆ ಮುಳ್ಳು ಹವಾಯಿಯ ಸ್ಪಂಜಿನಂಥ ಅಟ್ಟೆಯನ್ನು ದಾಟಿ ನೇರ ಅಂಗಾಲಿಗೆ ಬರುತ್ತದೆ. ಮುರಿದು ಒಳಗುಳಿದರೆ ಕೀವಾಗುವವರೆಗೂ ಗೊತ್ತಾಗುವುದಿಲ್ಲ. ಹೊಲಕ್ಕೆ ಹೋಗುವವರಿಗೆ ಬೇಕಾದದ್ದು ಗಟ್ಟಿ ರಬ್ಬರಿನ ದಪ್ಪ ಅಟ್ಟೆ, ಬೆರಳಿಗೆ ಮುಂದೆ ಮರೆ, ಹಿಂದೆ ಹಿಮ್ಮಡಿಯನ್ನು ಹಿಡಿಯುವ ಪಟ್ಟಿ. ಮಳೆ ಬಿದ್ದ ಮೇಲೆ ಎರೆಮಣ್ಣು ಅಟ್ಟೆಗೆ ಮೆತ್ತಿಕೊಂಡು ಒಂದೊಂದು ಕಾಲೂ ಎತ್ತಲಾರದಷ್ಟು ಭಾರವಾಗುತ್ತದಲ್ಲ, ಅದಕ್ಕೆ ಅಡಿಯ ಗೆರೆಗಳು ಅಗಲವಾಗಿ, ಬಿಡಿಬಿಡಿಯಾಗಿ ಇರಬೇಕು. ಸಣ್ಣ ಸಣ್ಣ ಗೆರೆಗಳಲ್ಲಿ ಮಣ್ಣು ಕೂತರೆ ಉದುರುವುದಿಲ್ಲ. ತಲೆಮೇಲೆ ಬುಟ್ಟಿ ಹೊತ್ತಾಗ ಆ ಭಾರವೂ ಹಿಮ್ಮಡಿಗೇ ಇಳಿಯುತ್ತದೆ ಎಂಬುದು ನೆನಪಿರಲಿ.

ನಗರದ ಅಕ್ಕಂದಿರು ನಿಲ್ಲುವುದು ಸಿಮೆಂಟು, ಟೈಲ್ಸ್, ಕಡಪಾ ಕಲ್ಲಿನ ಮೇಲೆ. ಜಿನ್ನಿಂಗ್ ಫ್ಯಾಕ್ಟರಿ, ಅಕ್ಕಿ ಗಿರಣಿ, ಸೀರೆ ಅಂಗಡಿ, ಆಸ್ಪತ್ರೆಯ ವಾರ್ಡು, ಬಿಸಿಯೂಟದ ಅಡುಗೆಮನೆ, ಎಲ್ಲಿಯೂ ನೆಲ ಒಂದಿಷ್ಟೂ ತಗ್ಗಿಕೊಡುವುದಿಲ್ಲ. ನಡೆಯುವುದಕ್ಕಿಂತ ಒಂದೇ ಕಡೆ ನಿಲ್ಲುವುದು ಕಾಲಿಗೆ ಕಷ್ಟ. ಇಲ್ಲಿ ಅಟ್ಟೆ ಕೆಳಗೆ ಗಟ್ಟಿಯಾಗಿ, ಮೇಲೆ ಪಾದ ತಾಗುವಲ್ಲಿ ಮೆತ್ತಗೆ ಇರಬೇಕು. ಪೂರಾ ಮೆತ್ತನೆಯದೂ ಆಗದು. ತಿಂಗಳೊಪ್ಪತ್ತಿನಲ್ಲಿ ಅದು ಹಿಮ್ಮಡಿಯ ಜಾಗದಲ್ಲಿ ಅಪ್ಪಚ್ಚಿಯಾಗಿ ಕಾಲು ಮತ್ತೆ ಸಿಮೆಂಟಿಗೇ ಬೀಳುತ್ತದೆ.

ಒಂದು ಪಾದದಲ್ಲಿ 26 ಮೂಳೆಗಳಿವೆ, ಮೂವತ್ತಕ್ಕೂ ಹೆಚ್ಚು ಕೀಲುಗಳು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ನಾರಿನಂಥ ಗಟ್ಟಿ ಪಟ್ಟಿಯೊಂದು ಹರಡಿದೆ. ಪಾದದ ಒಳಬದಿಯ ಕಮಾನನ್ನು ಹಿಡಿದಿಟ್ಟಿರುವುದರಲ್ಲಿ ಅದರ ಪಾಲು ದೊಡ್ಡದು. ಹಿಂದೆ ಪಟ್ಟಿಯಿಲ್ಲದ ಹವಾಯಿ ಮೆಟ್ಟಿದಾಗ ಅದು ಜಾರದಿರಲಿ ಎಂದು ಬೆರಳುಗಳು ಪ್ರತಿ ಹೆಜ್ಜೆಗೂ ಮಡಚಿ ಅದನ್ನು ಹಿಡಿಯುತ್ತವೆ. ದಿನವಿಡೀ ಕೈಮುಷ್ಟಿ ಬಿಗಿದುಕೊಂಡೇ ಕೆಲಸ ಮಾಡಿದಂತೆ ಅದು. ಚಪ್ಪಟೆ, ತೆಳು ಅಟ್ಟೆ ಕಮಾನಿಗೆ ಯಾವ ಆಸರೆಯನ್ನೂ ಕೊಡುವುದಿಲ್ಲ; ನಾರಿನ ಪಟ್ಟಿ ಜಗ್ಗಿ ಜಗ್ಗಿ ಹಿಮ್ಮಡಿಗೆ ಅಂಟಿದ ಜಾಗದಲ್ಲಿ ನೋಯತೊಡಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಗೆ ಮೊಳೆ ಬಡಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುತ್ತದೆಯೇ? ಹೆಚ್ಚಾಗಿ ಅದು ಇದೇ ನೋವು. ವಾಯು ಎಂದು ಎಣ್ಣೆ ತಿಕ್ಕುತ್ತ, ನೋವಿನ ಗುಳಿಗೆ ನುಂಗುತ್ತ ವರ್ಷ ಕಳೆಯುವವರು ಮೊದಲು ಬದಲಿಸಬೇಕಾದದ್ದು ಚಪ್ಪಲಿಯನ್ನು. ಹಿಮ್ಮಡಿ ಒಂದು ಬೆರಳಿನಷ್ಟು ಎತ್ತರವಿರುವ, ಒಳಬದಿಗೆ ಸ್ವಲ್ಪ ಉಬ್ಬಿರುವ ಜೋಡಿ ಬೇಕು. ಜೊತೆಗೆ ಮೀನಖಂಡ ಹಿಗ್ಗುವಂತೆ ಗೋಡೆಗೆ ಕೈಯೂರಿ ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲದಿಂದ ಏಳದಂತೆ ನಿಲ್ಲುವ ಅಭ್ಯಾಸವನ್ನು ದಿನಕ್ಕೆ ಮೂರು ನಾಲ್ಕು ಸಲ ಮಾಡಿ. ಆದರೂ ಕೆಲವು ವಾರದಲ್ಲಿ ಇಳಿಯದಿದ್ದರೆ ಮೂಳೆ ಡಾಕ್ಟರರಿಗೆ ತೋರಿಸಿ.

ಹೆರಿಗೆಯಾದವರಿಗೆ ಒಂದು ಮಾತು, ಯಾರೂ ಹೇಳದ ಮಾತು. ಬಸುರಿನಲ್ಲಿ ಮೈಯ ಕಟ್ಟುಗಳು ಸಡಿಲಾಗುತ್ತವೆ, ತೂಕ ಏರುತ್ತದೆ, ಪಾದದ ಕಮಾನು ತಗ್ಗುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 49 ಮಹಿಳೆಯರ ಪಾದಗಳನ್ನು ಬಸುರಿನ ಮೊದಲಲ್ಲೂ ಹೆರಿಗೆಯಾಗಿ ಐದು ತಿಂಗಳಾದ ಮೇಲೂ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 60ರಿಂದ 70 ಮಂದಿಯ ಪಾದ ಉದ್ದವಾಗಿತ್ತು, ಅಗಲವಾಗಿತ್ತು. ಚೊಚ್ಚಲ ಬಸುರಿನಲ್ಲೇ ಈ ಬದಲಾವಣೆ ಹೆಚ್ಚು. ಮದುವೆಯಲ್ಲಿ ಐದು ನಂಬರ್ ಮೆಟ್ಟಿದವರು ಮೂರು ಮಕ್ಕಳ ತಾಯಿಯಾದ ಮೇಲೂ ಐದನ್ನೇ ಕೇಳುತ್ತಿದ್ದರೆ ಬೆರಳುಗಳು ಒಂದರ ಮೇಲೊಂದು ಏರುತ್ತವೆ, ಹೆಬ್ಬೆರಳ ಬುಡದ ಗಂಟು ಹೊರಕ್ಕೆ ಬರುತ್ತದೆ, ಕಿರುಬೆರಳಿಗೆ ಆಣಿ ಬೀಳುತ್ತದೆ.

ಅಸಲಿಗೆ ಆ ನಂಬರೇ ನಮ್ಮ ಕಾಲಿನದಲ್ಲ. ನಾವು ಬಳಸುತ್ತಿರುವುದು ಬ್ರಿಟಿಷರ ಕಾಲದಿಂದ ಬಂದ ಅಳತೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆಸಿತು. ಯುರೋಪು, ಅಮೆರಿಕದವರಿಗಿಂತ ನಮ್ಮ ಪಾದ ಅಗಲ ಎಂದು ಕಂಡುಬಂತು. ಅಗಲ ಸಾಲದ್ದಕ್ಕೆ ನಾವು ಒಂದು ನಂಬರ್ ದೊಡ್ಡದನ್ನು ಕೊಳ್ಳುತ್ತೇವೆ. ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ. ನಮ್ಮದೇ ಅಳತೆಯ ಪದ್ಧತಿಗೆ ಆ ಸಂಸ್ಥೆ 'ಭಾ' ಎಂಬ ಹೆಸರು ಸೂಚಿಸಿದೆ. ಹಿಂದೆ ಊರಿನ ಸಮಗಾರರು ಚರ್ಮದ ಮೇಲೆ ಕಾಲಿಡಿಸಿ ಸುತ್ತ ಗುರುತು ಹಾಕಿ ಹೊಲಿಯುತ್ತಿದ್ದರು, ಅಗಲ ಉದ್ದ ಎರಡೂ ಆ ಕಾಲಿನದೇ ಆಗಿರುತ್ತಿತ್ತು. ಅದೇ ಕೆಲಸವನ್ನು ನೀವು ಮನೆಯಲ್ಲಿ ಮಾಡಬಹುದು. ಸಂಜೆ ಹೊತ್ತು ಹಳೆಯ ಪತ್ರಿಕೆಯ ಮೇಲೆ ಎದ್ದು ನಿಂತು ಎರಡೂ ಪಾದದ ಸುತ್ತ ಬೇರೆಯವರಿಂದ ಪೆನ್ಸಿಲ್ ಎಳೆಸಿ. ಎರಡು ಪಾದ ಒಂದೇ ಅಳತೆ ಇರುವುದು ಅಪರೂಪ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ. ಈಗ ನಿಮ್ಮ ಚಪ್ಪಲಿಯನ್ನು ಆ ಚಿತ್ರದ ಮೇಲಿಡಿ. ಗೆರೆ ಚಪ್ಪಲಿಯ ಆಚೆ ಕಂಡರೆ ದಿನವೂ ಅಷ್ಟು ಪಾದ ಹೊರಗೆ ಜೋಲುತ್ತಿದೆ ಎಂದರ್ಥ.

ಆ ಕಾಗದ ಮಡಚಿಕೊಂಡು ಬಸ್ಸು ಹತ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರಿಗೆ ಬಂದು ತೀನ್ ಕಂದೀಲ್ ಸುತ್ತಮುತ್ತಲ ಅಂಗಡಿಗಳಲ್ಲಿ ನಾಲ್ಕು ಜೋಡಿ ಮೆಟ್ಟಿ ನೋಡಿ ಬರಿಗೈಯಲ್ಲಿ ಮರಳಿದರೂ ನಷ್ಟವಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಹೋಗಿ, ಆ ಹೊತ್ತಿಗೆ ಪಾದ ಬಾತು ತನ್ನ ದೊಡ್ಡ ಅಳತೆಗೆ ಬಂದಿರುತ್ತದೆ. ಕೂತು ನೋಡಬೇಡಿ, ಎದ್ದು ನಿಂತು ನೋಡಿ, ಎರಡೂ ಕಾಲಿಗೆ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳು ಅಡ್ಡ ಇಡುವಷ್ಟು ಜಾಗವಿರಲಿ; ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದವಿರುವವರು ಅದನ್ನೇ ಲೆಕ್ಕ ಹಿಡಿಯಬೇಕು. ಆಮೇಲೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಮುಂದಿನ ತುದಿ ಮೇಲಕ್ಕೆ ಬಗ್ಗಿಸಿ. ಬೆರಳು ಮಡಚುವ ಜಾಗದಲ್ಲಿ ಬಗ್ಗಿದರೆ ಸರಿ, ನಟ್ಟನಡುವೆ ಮುರಿದಂತೆ ಬಗ್ಗಿದರೆ ಕೆಳಗಿಟ್ಟುಬಿಡಿ. ಬಟ್ಟೆ ಹಿಂಡಿದ ಹಾಗೆ ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಂಡರೆ ಅದೂ ಬೇಡ. ಪಟ್ಟಿ ಒಂದೇ ಅಗಲವಾದದ್ದೋ ಎರಡೋ ಇದ್ದು, ಬಿಗಿ ಸಡಿಲ ಮಾಡುವ ಹಾಗಿದ್ದರೆ ಒಳ್ಳೆಯದು. ಅಂಗಡಿಯ ಮೆತ್ತನೆ ಹಾಸಿನಿಂದ ಇಳಿದು ಬರೀ ನೆಲದ ಮೇಲೆ ಓಡಾಡಿ. "ನಾಲ್ಕು ದಿನ ಮೆಟ್ಟಿದ್ರ ಸಡಿಲ ಆಗ್ತಾವ್ರೀ" ಎಂದು ಅಂಗಡಿಯವರು ಹೇಳುತ್ತಾರೆ. ಚರ್ಮ ಅಷ್ಟೋ ಇಷ್ಟೋ ಹಿಗ್ಗೀತು. ರೆಕ್ಸಿನ್, ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ಅಲ್ಲಿ ಸಡಿಲಾಗುವುದು ನಿಮ್ಮ ಚರ್ಮ. ಮೊದಲ ನಿಮಿಷ ಒತ್ತಿದ ಜೋಡಿ ಕೊನೆಯವರೆಗೂ ಒತ್ತುತ್ತದೆ.

ಕಾಲುಂಗುರ ಹಾಕಿಕೊಂಡೇ ಹೋಗಿ. ಮುಚ್ಚಿದ ಶೂ ಒಳಗೆ ಕಾಲುಂಗುರ ಪಕ್ಕದ ಬೆರಳನ್ನು ಕೊರೆಯುತ್ತದೆ. ಬೆರಳು ಬಾತರೆ ಉಂಗುರವೇ ನೆತ್ತರು ತಡೆಯುತ್ತದೆ. ಬೆರಳ ಭಾಗ ಎತ್ತರವಿರುವ, ಇಲ್ಲವೇ ಮುಂದೆ ತೆರೆದ ಜೋಡಿಯೇ ನಮ್ಮವರಿಗೆ ಹೊಂದುತ್ತದೆ. ಮದುವೆ ಮನೆಗೆಂದು ಎತ್ತರದ ಹಿಮ್ಮಡಿಯದು ಒಂದಿದ್ದರೆ ಇರಲಿ, ನಾಲ್ಕು ತಾಸಿನ ಸಂಭ್ರಮಕ್ಕೆ ಯಾರೂ ಅಡ್ಡಿ ಬರಬಾರದು. ದಿನದ ದುಡಿಮೆಗೆ ಅದು ಬೇಡ. ಚರ್ಮದ ಕೊಲ್ಹಾಪುರಿಯ ಬಗ್ಗೆ ಹಲವರು ಕೇಳುತ್ತಾರೆ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದ್ದು. ಬೆರಳಿಗೆ ಧಾರಾಳ ಜಾಗವಿದೆ, ಬೇಸಿಗೆಗೆ ಹಿತ. ಆದರೆ ಹಿಮ್ಮಡಿ ನೋವಿದ್ದವರಿಗೆ, ಸಿಮೆಂಟಿನ ಮೇಲೆ ನಿಲ್ಲುವವರಿಗೆ ಅದರ ಅಟ್ಟೆ ಬಹಳ ಗಡಸು.

ದುಡ್ಡಿನ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ. ವರ್ಷಕ್ಕೆ ಮೂರು ಸಲ ಕಿತ್ತುಹೋಗುವ ಅಗ್ಗದ ಜೋಡಿಗಳ ಬೆಲೆ ಕೂಡಿಸಿ, ಹಿಮ್ಮಡಿ ನೋವಿನಿಂದ ತಪ್ಪಿದ ಕೂಲಿ ಕೂಡಿಸಿ. ಹೊಸದು ಕೊಳ್ಳಲು ಆಗದಿದ್ದರೆ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಹೋಗಿ. ಇರುವ ಚಪ್ಪಲಿಗೆ ಹಿಂದಿನ ಪಟ್ಟಿ ಹೊಲಿದು ಕೊಡುತ್ತಾನೆ, ಸವೆದ ಹಿಮ್ಮಡಿಗೆ ರಬ್ಬರ್ ಹಚ್ಚುತ್ತಾನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಾನು ಮೇಲೆ ಹೇಳಿದ ಚರ್ಮ ಸಂಸ್ಥೆಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹುಡುಗಿಯರ ಪಾದ ಹನ್ನೊಂದು ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ ಪೂರಾ ಬೆಳೆದಿರುತ್ತದೆ. ಐದು ಆರನೇ ಇಯತ್ತೆಯ ಒಳಗೇ ಪಾದದ ಆಕಾರ ನಿಲ್ಲುತ್ತದೆ ಎಂದಾಯಿತು. ಅಕ್ಕನ ಶೂ ತಂಗಿಗೆ, "ಬೆಳೀತಾಳ" ಎಂದು ಎರಡು ನಂಬರ್ ದೊಡ್ಡದು, ಇವೆರಡೂ ಆ ವಯಸ್ಸಿನಲ್ಲಿ ಕೆಡುಕು. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಶೂ, ಸಾಕ್ಸ್ ಸಿಗುತ್ತವೆ. ಕೊಳ್ಳುವ ಹೊಣೆ ಶಾಲೆಯ ಎಸ್‌ಡಿಎಂಸಿಯದು. ನಿಮ್ಮಲ್ಲಿ ಹಲವರು ಆ ಸಮಿತಿಯಲ್ಲಿದ್ದೀರಿ. ತರಗತಿಯ ಲೆಕ್ಕದಲ್ಲಿ ಸಗಟು ತರಿಸದೆ ಪ್ರತಿ ಮಗುವಿನ ಪಾದ ಕಾಗದದ ಮೇಲೆ ಅಳೆದು ತರಿಸಿ ಎಂದು ಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ.

ಇನ್ನು ಸಕ್ಕರೆ ಕಾಯಿಲೆ ಇದ್ದವರು. ಇಡೀ ಪತ್ರದಲ್ಲಿ ನನಗೆ ಹೆಚ್ಚು ಭಯವಿರುವುದು ಇವರ ಕಾಲಿನ ಬಗ್ಗೆ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರಿದ್ದರು, 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ನೋಡುತ್ತ, ಬೆರಳುಗಳು ಉದುರುವುದು ರೋಗ ತಿಂದುಹಾಕುವುದರಿಂದ ಎಂಬ ನಂಬಿಕೆ ಸುಳ್ಳೆಂದು ತೋರಿಸಿದರು. ನೋವು ತಿಳಿಯದ ಕಾಲಿಗೆ ಮೊಳೆ ಚುಚ್ಚಿದರೂ ಚಪ್ಪಲಿ ಕಚ್ಚಿದರೂ ಮನುಷ್ಯ ನಡೆಯುತ್ತಲೇ ಇರುತ್ತಾನೆ, ಗಾಯ ಹುಣ್ಣಾಗಿ ಮೂಳೆಗಿಳಿಯುತ್ತದೆ. ಆ ಕಾಲುಗಳಿಗಾಗಿ ಸಣ್ಣ ರಂಧ್ರಗಳ ಮೆತ್ತನೆ ರಬ್ಬರಿನ ಚಪ್ಪಲಿ ಬಳಕೆಗೆ ಬಂತು. ಎಂಸಿಆರ್ ಚಪ್ಪಲಿ ಎನ್ನುತ್ತಾರೆ, ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತದೆ. ಮುಂದೆ ಅಮೆರಿಕಕ್ಕೆ ಹೋದ ಬ್ರ್ಯಾಂಡ್ ಇದೇ ಅರಿವನ್ನು ಸಕ್ಕರೆ ಕಾಯಿಲೆಯವರ ಪಾದಗಳಿಗೆ ಅನ್ವಯಿಸಿದರು. ಬಹಳ ವರ್ಷ ಸಕ್ಕರೆ ಇದ್ದರೆ ಪಾದದ ನರ ಮಂಕಾಗುತ್ತದೆ. ಕಾಲು ಜೋಮು, ಉರಿ, ಅರಳೆಯ ಮೇಲೆ ನಡೆದಂತೆ ಅನಿಸುವುದು, ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗದಿರುವುದು ಅದರ ಸೂಚನೆಗಳು.

ಇಂಥವರಿಗೆ ಬೆರಳ ಸಂದಿ ಹಿಡಿಯುವ ಉಂಗುಷ್ಟದ ಚಪ್ಪಲಿ ಬೇಡವೇ ಬೇಡ, ಹುಣ್ಣು ಅಲ್ಲಿಂದಲೇ ಶುರು. ಅಗಲ ಪಟ್ಟಿಯ, ಹಿಂದೆ ಬೆಲ್ಟ್ ಇರುವ, ಒಳಗೆ ಎಂಸಿಆರ್ ಹಾಸಿದ, ಮೊಳೆ ಹೊಡೆಯದ ಜೋಡಿ ಬೇಕು. ಮೆಟ್ಟುವ ಮೊದಲು ಝಾಡಿಸಿ, ಒಳಗೆ ಕೈಯಾಡಿಸಿ. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಾದರೂ ಮೊಮ್ಮಗಳ ಕಣ್ಣಿನಿಂದಲಾದರೂ ನೋಡಿಸಿಕೊಳ್ಳಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಬಿಸಿನೀರಲ್ಲಿ ಕಾಲಿಡಬೇಡಿ. ನೋವಿಲ್ಲದ ಹುಣ್ಣು ನೋವಿರುವುದಕ್ಕಿಂತ ಕೆಟ್ಟದ್ದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ದೊಡ್ಡದಿದ್ದರೆ ರಾಯಚೂರಿನ ರಿಮ್ಸ್‌ಗೆ ತೋರಿಸಿ. ಮನೆಯೊಳಗೂ ಬರಿಗಾಲು ಬೇಡ. ಹೊಸ್ತಿಲೊಳಗೆ ಚಪ್ಪಲಿ ತರಬಾರದೆಂಬ ನಿಮ್ಮ ನಡವಳಿಕೆ ನನಗೆ ಗೊತ್ತು, ಅದಕ್ಕೇ ಒಳಗಿನದೇ ಒಂದು ತೊಳೆದ ಜೋಡಿ ಬೇರೆ ಇರಲಿ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಬರಿಗಾಲಲ್ಲಿ ಪಾದಯಾತ್ರೆ ಹೊರಡುವ ಅವ್ವಂದಿರಿಗೆ ಕೈಮುಗಿದು ಕೇಳುತ್ತೇನೆ: ಸಕ್ಕರೆ ಇದ್ದರೆ ನಮ್ಮ ಬಿಸಿಲಿನ ಡಾಂಬರು ರಸ್ತೆಗೆ ಬರಿಗಾಲು ಇಡಬೇಡಿ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ, ಬೊಬ್ಬೆ ಒಡೆದ ಮೇಲೆ ಗೊತ್ತಾಗುತ್ತದೆ. ಹರಕೆಗೆ ಬೇರೆ ದಾರಿಯಿದೆ, ಮಲ್ಲಯ್ಯ ಒಪ್ಪುತ್ತಾನೆ.

ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಒಂದು ಹಳೆಯ ಪತ್ರಿಕೆ ತನ್ನಿ. ಎಲ್ಲರ ಪಾದದ ಚಿತ್ರ ಎಳೆದು ಮೂಲೆಯಲ್ಲಿ ಹೆಸರು, ಮಾಡುವ ಕೆಲಸ ಬರೆಯಿರಿ. ಸಕ್ಕರೆ ಇರುವವರ ಚಿತ್ರಕ್ಕೆ ಕೆಂಪು ಗೆರೆ ಹಾಕಿ ಮೇಲಿಡಿ, ಚಪ್ಪಲಿಗೆ ಮೊದಲ ಸಾಲ ಅವರಿಗೆ ಕೊಡಿ. ಹತ್ತು ಮಂದಿ ಕೂಡಿ ಒಂದೇ ಅಂಗಡಿಗೆ ಹೋದರೆ ದರವೂ ಇಳಿಯುತ್ತದೆ. ಹೊಂದದಿದ್ದರೆ ಎಂಟು ದಿನದಲ್ಲಿ ಬದಲಿಸಿ ಕೊಡಬೇಕೆಂದು ಮೊದಲೇ ಮಾತಾಡಿ, ರಸೀದಿ ಕೇಳಿ ಪಡೆಯಿರಿ.

ಇಂತಿ,
ನಿಮ್ಮ ಸೀಮೆಯ ಅಕ್ಕ